ಸತ್ತ ಹಸುವನ್ನು ಬಯಲಿಗೆ ಹಾಕಿದರೆ ರಣಹದ್ದಿಗೆ ಒಳ್ಳೆಯದಾ, ಕೆಟ್ಟದ್ದಾ?

ಹಿತ್ತಲಮನೆ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ಗೊತ್ತಿದ್ದವರು ಬೇಗ ಹೇಳಿ. ನಮ್ಮೂರು ರಾಮನಗರದಿಂದ ಮಾಗಡಿ ಕಡೆಗೆ. ಇವತ್ತು ಬೆಳಗ್ಗೆ ನಮ್ಮ ಹಳೇ ಹಸು ಸತ್ತುಹೋಯಿತು. ಕೆಲವು ದಿನದಿಂದ ಕೀಲು ಊದಿಕೊಂಡು ಏಳಲಾಗದೆ ಮಲಗಿತ್ತು. ಅಪ್ಪ ಗುಂಡಿ ತೋಡಿಸಿ ಹೂಳೋಣ ಅಂತಿದ್ದಾರೆ, ಜೆಸಿಬಿಯವನು ಮಧ್ಯಾಹ್ನದ ಮೇಲೆ ಬರುತ್ತಾನಂತೆ. ತಾತ ಮಾತ್ರ ಸುತರಾಂ ಒಪ್ಪುತ್ತಿಲ್ಲ. "ಬಂಡೆ ಪಕ್ಕದ ಬಯಲಿಗೆ ಹಾಕಿ, ಬೆಟ್ಟದ ಹದ್ದಿಗಾದರೂ ಹೊಟ್ಟೆ ತುಂಬಲಿ, ನಮ್ಮ ಕಾಲದಲ್ಲಿ ಹಾಗೇ ಮಾಡ್ತಿದ್ದದ್ದು" ಅಂತ ಹಟ ಹಿಡಿದು ಕೂತಿದ್ದಾರೆ.

ರಾಮದೇವರ ಬೆಟ್ಟದ ರಣಹದ್ದುಗಳಿಗೆ ಊಟ ಸಿಗುತ್ತಿಲ್ಲ ಅಂತ ನಾನೂ ಓದಿದ್ದೆ. ಹಾಗಾದರೆ ಹಾಕಿದರೆ ಒಳ್ಳೆಯದೇ ಅಲ್ವಾ? ಒಂದೇ ಅನುಮಾನ. ಸಾಯುವ ಹಿಂದಿನ ದಿನದವರೆಗೂ ಹಸುವಿಗೆ ನೋವಿನ ಇಂಜೆಕ್ಷನ್ ಹಾಕಿಸಿದ್ದೆವು. ಅದರಿಂದ ಏನಾದರೂ ತೊಂದರೆ ಇದೆಯಾ?

ದುರ್ಬೀನು:
ಹಾಕಬೇಡಿ! ಯಾವ ಇಂಜೆಕ್ಷನ್ ಅಂತ ಗೊತ್ತಾಗುವವರೆಗೂ ದಯವಿಟ್ಟು ಹಾಕಬೇಡಿ.

ಸುಮ್ನೆ ಓದುಗ:
ತಾತನ ಮಾತು ಕೇಳಿ. ಹಿರಿಯರು ಸುಮ್ನೆ ಹೇಳಲ್ಲ.

ಗೋವೈದ್ಯ:
@ಹಿತ್ತಲಮನೆ, ನಾನು ಪಶುವೈದ್ಯ. ದುರ್ಬೀನು ಹೇಳಿದ್ದು ಸರಿ. ಮೊದಲು ಔಷಧಿಯ ಹೆಸರು ಹುಡುಕಿ. ಬಾಟಲಿ, ಚೀಟಿ, ಏನಿದ್ದರೂ ಸರಿ. ಹಾಕಿದವರಿಗೇ ಫೋನ್ ಮಾಡಿ ಕೇಳಿದರೆ "ಏನೋ ಪೇನ್ ಕಿಲ್ಲರ್" ಅನ್ನುತ್ತಾರೆ, ಅದು ಸಾಲದು.

ಇನ್ನೊಂದು ಮಾತು. ಹಸು ಇದ್ದಕ್ಕಿದ್ದಂತೆ ಬಿದ್ದು ಸತ್ತು, ಮೂಗು ಗುದದಿಂದ ಕಪ್ಪು ರಕ್ತ ಬಂದಿದ್ದರೆ ಮುಟ್ಟಲೇಬೇಡಿ, ಕೊಯ್ಯಲೇಬೇಡಿ. ಅದು ಮನುಷ್ಯರಿಗೂ ಅಂಟುವ ಆಂಥ್ರಾಕ್ಸ್ ರೋಗ ಇರಬಹುದು. ನೀವು ಹೇಳಿದ ಲಕ್ಷಣ ಹಾಗಿಲ್ಲ. ಆದರೂ ಕೇಳುವುದು ನನ್ನ ಕೆಲಸ.

ಹಿತ್ತಲಮನೆ:
ರಕ್ತ ಏನೂ ಇಲ್ಲ ಡಾಕ್ಟ್ರೇ. ಇಂಜೆಕ್ಷನ್ ಹಾಕಿದ್ದು ಆಸ್ಪತ್ರೆಯವರಲ್ಲ, ನಮ್ಮ ಕಡೆ ದನಕ್ಕೆ ಸೂಜಿ ಹಾಕುವ ಒಬ್ಬರು ಇದ್ದಾರೆ. ಕೊಟ್ಟಿಗೆಯಲ್ಲಿ ನೋಡಿ ಬರ್ತೀನಿ ಇರಿ.

ನೇರಮಾತು:
ಒಂದು ಹಸು, ಒಂದು ಇಂಜೆಕ್ಷನ್. ಇದಕ್ಕೆ ಇಷ್ಟು ಗಾಬರಿ ಯಾಕೆ? ಹದ್ದುಗಳು ಕೊಳೆತದ್ದು, ಹುಳ ಬಿದ್ದದ್ದು ಎಲ್ಲ ತಿಂದು ಅರಗಿಸಿಕೊಳ್ಳುತ್ತವೆ. ಒಂದು ಸೂಜಿ ಮದ್ದು ಅರಗಲ್ವಾ? ರಣಹದ್ದು ಕಡಿಮೆ ಆಗಿದ್ದು ಮೊಬೈಲ್ ಟವರ್‌ನಿಂದ. ಎಲ್ಲರಿಗೂ ಗೊತ್ತಿರುವ ವಿಷಯ.

ದುರ್ಬೀನು:
@ನೇರಮಾತು, ರಣಹದ್ದುಗಳು ಕುಸಿಯಲು ಶುರುವಾದದ್ದು 90ರ ದಶಕದಲ್ಲಿ. ಆಗ ಹಳ್ಳಿಯಲ್ಲಿ ಟವರ್ ಎಲ್ಲಿತ್ತು? ಭರತ್‌ಪುರದ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಮೊದಲು ಗಮನಿಸಿದ್ದು ಆಗಲೇ. ಮರದ ಕೆಳಗೆ ಸತ್ತ ಹಕ್ಕಿಗಳು, ಕೊಂಬೆಯ ಮೇಲೆ ಕತ್ತು ಜೋತುಬಿಟ್ಟು ಕೂತ ಹಕ್ಕಿಗಳು. ಶುರುವಿನಲ್ಲಿ ಯಾವುದೋ ವೈರಸ್ ಅಂದುಕೊಂಡಿದ್ದರು. ಪಾಕಿಸ್ತಾನದಲ್ಲಿ ಲಿಂಡ್ಸೆ ಓಕ್ಸ್ ತಂಡ ಸತ್ತ ಹದ್ದುಗಳನ್ನು ಕೊಯ್ದು ನೋಡಿ 2004ರಲ್ಲಿ ಕಾರಣ ಹೇಳಿತು. ಡೈಕ್ಲೋಫೆನಾಕ್. ನಾವು ಬೆನ್ನುನೋವಿಗೆ ನುಂಗುವ ಅದೇ ಮಾತ್ರೆ.

ಗೋವೈದ್ಯ:
ಅರಗುವ ಪ್ರಶ್ನೆಗೆ ನಾನು ಹೇಳುತ್ತೇನೆ. ರಣಹದ್ದಿನ ಹೊಟ್ಟೆಯ ಆಮ್ಲ ಬಲು ತೀಕ್ಷ್ಣ, ಕೊಳೆತ ಮಾಂಸದ ಎಷ್ಟೋ ರೋಗಾಣುಗಳು ಅಲ್ಲೇ ಸಾಯುತ್ತವೆ. ಆದರೆ ಔಷಧಿ ರೋಗಾಣು ಅಲ್ಲ. ಅದು ರಕ್ತಕ್ಕೆ ಹೋಗುತ್ತದೆ, ಅಲ್ಲಿಂದ ಮೂತ್ರಪಿಂಡಕ್ಕೆ. ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಹಕ್ಕಿಗಳು ಹೊರಹಾಕಬೇಕಾದ ಯೂರಿಕ್ ಆಮ್ಲ ಒಳಗೇ ಉಳಿಯುತ್ತದೆ. ಸತ್ತ ಹದ್ದನ್ನು ಕೊಯ್ದರೆ ಹೃದಯ, ಪಿತ್ತಜನಕಾಂಗದ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪುಡಿ ಕೂತಿರುತ್ತದೆ. ತಿಂದ ಒಂದೆರಡು ದಿನದಲ್ಲೇ ಕಥೆ ಮುಗಿಯುತ್ತದೆ.

ಹಸುವಿಗೆ ಆ ಮದ್ದು ಏನೂ ಮಾಡುವುದಿಲ್ಲ, ನೋವು ಕಡಿಮೆಯಾಗುತ್ತದೆ ಅಷ್ಟೇ. ನಾಯಿ ತಿಂದರೂ ಬದುಕುತ್ತದೆ. ಅದಕ್ಕೇ ಇಷ್ಟು ವರ್ಷ ಯಾರಿಗೂ ಅನುಮಾನ ಬರಲಿಲ್ಲ.

ಕಪ್ಪುಹಲಗೆ:
"ಒಂದು ಹಸು" ಅಂದಿರಲ್ಲ, ಅಲ್ಲೇ ಇರುವುದು ಲೆಕ್ಕ. ಒಂದು ಹೆಣದ ಮೇಲೆ ಹತ್ತಾರು ಹದ್ದು ಇಳಿಯುತ್ತವೆ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಹೆಣದಲ್ಲಿ ಈ ಮದ್ದು ಇದ್ದರೂ ಇಡೀ ಸಂತತಿ ಕುಸಿಯಲು ಸಾಕು ಅಂತ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. 1992ರಿಂದ 2007ರ ಹೊತ್ತಿಗೆ ಭಾರತದ ಬಿಳಿಬೆನ್ನಿನ ರಣಹದ್ದು ಶೇ 99.9ರಷ್ಟು ಹೋಯಿತು. ಸಾವಿರಕ್ಕೆ ಒಂದು ಉಳಿಯಿತು. ನಮ್ಮ ರಾಮನಗರದ ಬಂಡೆಗಳಲ್ಲಿರುವ ಉದ್ದ ಕೊಕ್ಕಿನ ರಣಹದ್ದಿನ ಜಾತಿ ಸುಮಾರು ಶೇ 97 ಕುಸಿಯಿತು.

ಮೇಲಾಗಿ ಇವು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾನೂ ಗೂಡು ಕಟ್ಟಲು ಐದು ವರ್ಷವಾದರೂ ಬೇಕು. ಒಂದು ಜೋಡಿ ಸತ್ತರೆ ಆ ಜಾಗ ತುಂಬಲು ಎಷ್ಟು ಕಾಲ ಬೇಕು ನೀವೇ ಲೆಕ್ಕ ಹಾಕಿ.

ಮಹಡಿಮನೆ:
ನಮ್ಮ ಬೆಂಗಳೂರಿನ ಮಾರ್ಕೆಟ್ ಮೇಲೆ ದಿನಾ ನೂರಾರು ರಣಹದ್ದು ಹಾರುತ್ತವೆ. ಎಲ್ಲಿ ಕಡಿಮೆಯಾಗಿವೆ? ಮೊನ್ನೆ ನನ್ನ ಮಗನ ಕೈಯಿಂದ ವಡೆ ಕಿತ್ಕೊಂಡು ಹೋಯ್ತು.

ದುರ್ಬೀನು:
ವಡೆ ಕಿತ್ಕೊಂಡಿದ್ದರೆ ಅದು ಕರಿಹದ್ದು ಸ್ವಾಮಿ. ಹಾರುವಾಗ ಬಾಲ ನೋಡಿ, ತುದಿಯಲ್ಲಿ ಕವಲು ಇರುತ್ತದೆ. ರಣಹದ್ದಿನ ಬಾಲ ಗಿಡ್ಡ, ತಲೆ ಸಣ್ಣ, ರೆಕ್ಕೆ ಹಲಗೆಯಷ್ಟು ಅಗಲ. ಬಿಚ್ಚಿದರೆ ಎರಡು ಮೀಟರ್ ದಾಟುತ್ತದೆ. ತೂಕ ಐದಾರು ಕೆಜಿ. ಅದು ನಿಮ್ಮ ಮಹಡಿಗೆ ಇಳಿದರೆ ವಡೆಯ ಯೋಚನೆ ಇರಲ್ಲ ನಿಮಗೆ. ರಣಹದ್ದು ಬದುಕಿರುವುದನ್ನು ಹಿಡಿಯುವುದಿಲ್ಲ, ಕಿತ್ಕೊಳ್ಳುವುದೂ ಇಲ್ಲ. ಸತ್ತದ್ದಕ್ಕೆ ಕಾಯುತ್ತದೆ.

ಮಹಡಿಮನೆ:
ಬಾಲ ನೋಡೋಕೆ ಟೈಮ್ ಎಲ್ಲಿ ಕೊಡ್ತು ಅದು. ದೊಡ್ಡದಾಗೇ ಇತ್ತು.

ಹಳೇಬೇರು:
ಈ ತಾತ ಹೇಳಿದ್ದು ನೂರಕ್ಕೆ ನೂರು ನಿಜ, ಅವರ ಕಾಲಕ್ಕೆ. ನಮ್ಮೂರಲ್ಲೂ ಕೆರೆ ಆಚೆ ಒಂದು ಬಯಲಿತ್ತು. ಸತ್ತ ದನ ಅಲ್ಲಿಗೇ. ಬೆಳಗಿನ ಬಿಸಿಲು ಏರಬೇಕು, ಅಲ್ಲಿಯವರೆಗೂ ಆಕಾಶ ಖಾಲಿ. ಬಂಡೆ ಕಾದು ಗಾಳಿ ಮೇಲೇಳಲು ಶುರುವಾದರೆ ಮೊದಲು ಒಂದು ಚುಕ್ಕಿ. ಆಮೇಲೆ ನಾಲ್ಕು. ನೋಡನೋಡುತ್ತಿದ್ದಂತೆ ಬಯಲು ತುಂಬಿಬಿಡುತ್ತಿತ್ತು. ಇಳಿದ ಮೇಲೆ ರೆಕ್ಕೆ ಅರ್ಧ ಬಿಚ್ಚಿಕೊಂಡು ಕುಪ್ಪಳಿಸುತ್ತಾ ಓಡಿ ಬರುತ್ತಿದ್ದವು, ಒಂದನ್ನೊಂದು ತುಳಿದುಕೊಂಡು. ಬುಸ್ ಬುಸ್ ಅಂತ ಸದ್ದು. ಮೊದಲು ಕಣ್ಣು, ನಾಲಗೆ, ಬಾಲದ ಬುಡ, ಹೀಗೆ ಮೆತ್ತಗಿರುವ ಜಾಗದಿಂದ ಶುರು. ಕತ್ತು ಪೂರ್ತಿ ಒಳಗೆ ತೂರಿಸಿ ಎಳೆಯುತ್ತಿದ್ದವು. ತಲೆ ಮೇಲೆ ಪುಕ್ಕ ಇಲ್ಲದ್ದು ಅದಕ್ಕೇ ಇರಬೇಕು ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಸಂಜೆಗೆ ಮೂಳೆ ಮಾತ್ರ. ವಾಸನೆ ಅಂತ ಒಂದು ಇರುತ್ತಿರಲಿಲ್ಲ.

ವಾಸನೆ ಹಿಡಿದೇ ಅವು ಅಷ್ಟು ದೂರದಿಂದ ಬರುತ್ತಿದ್ದದ್ದು. ಎಂಥಾ ಮೂಗು ನೋಡಿ!

ದುರ್ಬೀನು:
ಓದಿ ಖುಷಿಯಾಯಿತು. ಆದರೆ ಮೂಗಿನ ಮಾತು ಸರಿಯಲ್ಲ. ಅಮೆರಿಕದ ಟರ್ಕಿ ವಲ್ಚರ್ ವಾಸನೆ ಹಿಡಿಯುತ್ತದೆ. ನಮ್ಮ ಕಡೆಯವು ಹುಡುಕುವುದು ಕಣ್ಣಿನಿಂದಲೇ. ನೆಲ ನೋಡುವುದು ಎಷ್ಟು ಮುಖ್ಯವೋ ಪಕ್ಕದ ಹದ್ದನ್ನು ನೋಡುವುದೂ ಅಷ್ಟೇ ಮುಖ್ಯ. ಒಂದು ಇಳಿದರೆ ದೂರದಲ್ಲಿ ಸುತ್ತುತ್ತಿದ್ದದ್ದು ಅದನ್ನು ಗಮನಿಸಿ ಈ ಕಡೆ ತಿರುಗುತ್ತದೆ, ಅದನ್ನು ನೋಡಿ ಮತ್ತೊಂದು. ನೀವು ಕಂಡ "ಒಂದು, ಆಮೇಲೆ ನಾಲ್ಕು" ಅದೇ.

ಇದರಿಂದಲೇ ಈಗ ಇನ್ನೊಂದು ಕಷ್ಟ. ಆಕಾಶದಲ್ಲಿ ಹಕ್ಕಿ ಕಡಿಮೆಯಾದರೆ ನೋಡುವ ಕಣ್ಣೂ ಕಡಿಮೆ. ಊಟ ಇದ್ದರೂ ಸುದ್ದಿ ಹೋಗುವುದಿಲ್ಲ.

ಹಳೇಬೇರು:
ಬಾಯಿ ಕಟ್ಟಿದ ಗೋಣಿಯೊಳಗೆ ಹಾಕಿದ್ದಕ್ಕೂ ಬಂದಿದ್ದವು ನಮ್ಮೂರಲ್ಲಿ. ಅದು ಯಾವ ಕಣ್ಣು?

ದುರ್ಬೀನು:
ಕಾಗೆ ಗೋಣಿ ಹರಿಯುವುದು ಕಂಡಿರುತ್ತದೆ.

ಮೂಡಲದಿಕ್ಕು:
"ಸತ್ತ ದನ ಅಲ್ಲಿಗೇ" ಅಂತ ಬರೆದಿರಿ ಹಿರಿಯರೇ. ದನ ತಾನೇ ನಡೆದುಕೊಂಡು ಹೋಗುತ್ತಿತ್ತಾ? ಎಳೆದುಕೊಂಡು ಹೋಗುವುದು, ಚರ್ಮ ಸುಲಿಯುವುದು ಎಲ್ಲಾ ಒಂದೇ ಕೇರಿಯವರ ತಲೆ ಮೇಲೆ. ನಮ್ಮಜ್ಜ ಆ ಕೆಲಸ ಮಾಡಿದವರು. ಕೂಲಿ ಅಂತ ಏನೂ ಇಲ್ಲ, ಚರ್ಮ ಇಟ್ಕೋ ಅನ್ನುವುದೇ ಉಪಕಾರ. ಹೆಣ ಮುಟ್ಟಿದ್ದಕ್ಕೆ ಬಾವಿ ಮುಟ್ಟಬಾರದು ಬೇರೆ. ಅವರು ಚರ್ಮ ಬಿಡಿಸಿಕೊಟ್ಟಿದ್ದರಿಂದಲೇ ಹದ್ದುಗಳಿಗೆ ಸುಲಭವಾಗುತ್ತಿದ್ದದ್ದು. ದನದ ಚರ್ಮ ಹರಿಯುವುದು ಅವಕ್ಕೂ ಕಷ್ಟವೇ. ಅವರು ಚಾಕು ಮಡಚಿ ಏಳುವುದನ್ನೇ ಕಾಯುತ್ತಾ ಪಕ್ಕದಲ್ಲಿ ಸಾಲಾಗಿ ಕೂತಿರುತ್ತಿದ್ದವಂತೆ.

ನಮ್ಮಪ್ಪ ಆ ಕೆಲಸ ಬಿಟ್ಟರು. ಒಳ್ಳೆಯದೇ ಆಯಿತು. ಹಳೇ ಕಾಲ ವಾಪಸ್ ಬರಲಿ ಅನ್ನುವ ಮೊದಲು ಇದನ್ನೂ ಸೇರಿಸಿ ಹೇಳಿ.

ಹಳೇಬೇರು:
ಹಳೇ ಕಾಲ ವಾಪಸ್ ಬರಲಿ ಅಂತ ನಾನು ಬರೆದಿಲ್ಲ. ಕಂಡದ್ದು ಬರೆದೆ.

ಮೂಡಲದಿಕ್ಕು:
ಕಂಡದ್ದರಲ್ಲಿ ಅರ್ಧ ಬಿಟ್ಟು ಬರೆದಿರಿ. ಅಷ್ಟೇ ನಾನು ಹೇಳಿದ್ದು.

ಕಪ್ಪುಹಲಗೆ:
@ಮೂಡಲದಿಕ್ಕು ಹೇಳಿದ್ದು ಮುಖ್ಯ. ಈಗ ಹದ್ದಿಗೆ ಊಟ ಸಿಗಬೇಕು ಅಂದರೆ ಹೆಣ ಸಾಗಿಸಲು ಟ್ರ್ಯಾಕ್ಟರ್, ಕೈಗವಸು, ಸರಿಯಾದ ಸಂಬಳ ಎಲ್ಲ ಬೇಕು. ಬಿಟ್ಟಿ ಕೆಲಸದ ಮೇಲೆ ಹಕ್ಕಿ ಉಳಿಸುವ ಮಾತು ಬೇಡ.

ಸುಮ್ನೆ ಓದುಗ:
ಹಸುವಿನ ಚರ್ಚೆ ಎಲ್ಲೆಲ್ಲಿಗೋ ಹೋಯ್ತು. ಬಾಟಲಿ ಸಿಕ್ತಾ?

ಹಿತ್ತಲಮನೆ:
ಸಿಕ್ತು. ಕೊಟ್ಟಿಗೆಯ ಗೋಡೆ ಸಂದಿಯಲ್ಲಿ, ಹುಲ್ಲಿನ ಕೆಳಗೆ. ಬಾಟಲಿ ಅಲ್ಲ, ಕತ್ತು ಮುರಿದ ಕಂದು ಬಣ್ಣದ ಪುಟಾಣಿ ಗಾಜುಗಳು. ಐದು ಒಟ್ಟಿಗೆ ಬಿದ್ದಿವೆ, ಹಳೆಯವು ಇನ್ನೂ ಇವೆ. ಒಂದೊಂದೂ ನನ್ನ ಕಿರುಬೆರಳಿನಷ್ಟು. ಲೇಬಲ್ ಅರ್ಧ ಅಳಿಸಿದೆ. "ಡೈಕ್ಲೋಫೆನಾಕ್ ಸೋಡಿಯಂ", "3 ಮಿಲಿ" ಅಂತ ಕಾಣುತ್ತದೆ. ದನದ ಚಿತ್ರ ಇಲ್ಲ. ಇದು ಮನುಷ್ಯರಿಗೆ ಹಾಕುವುದಲ್ವಾ?

ಔಷಧಿ ಅಂಗಡಿ:
ಅದೇ. ಮನುಷ್ಯರದ್ದೇ. ಒಂದರಲ್ಲಿ 75 ಮಿಲಿಗ್ರಾಂ ಇರುತ್ತದೆ. ಹಸುವಿನ ತೂಕಕ್ಕೆ ನಾಲ್ಕೈದು ಒಡೆದು ಒಂದೇ ಸಿರಿಂಜಿಗೆ ಎಳೆದು ಚುಚ್ಚಿದ್ದಾರೆ. ಈಗ ನಿಮ್ಮ ಐದು ಗಾಜಿನ ಲೆಕ್ಕ ಸರಿಹೋಯಿತಲ್ಲ.

ಇದರ ಹಿಂದೆ ಒಂದು ಕಥೆ ಇದೆ. ಪ್ರಾಣಿಗಳಿಗೆ ಡೈಕ್ಲೋಫೆನಾಕ್ ಬೇಡ ಅಂತ 2006ರಲ್ಲೇ ಸರ್ಕಾರ ನಿಲ್ಲಿಸಿತು. ಆಗ ಜನ ಮನುಷ್ಯರ ಔಷಧಿಗೆ ತಿರುಗಿದರು. 30 ಮಿಲಿಯ ದೊಡ್ಡ ಬಾಟಲಿ ಸಿಗುತ್ತಿತ್ತು. ಮನುಷ್ಯನಿಗೆ ಒಂದು ಸಲಕ್ಕೆ 3 ಮಿಲಿ ಸಾಕು, ಮತ್ತೆ 30 ಮಿಲಿ ಬಾಟಲಿ ಯಾರಿಗೆ? ದನಕ್ಕೇ. ಅದಕ್ಕೇ 2015ರಲ್ಲಿ ದೊಡ್ಡ ಬಾಟಲಿ ನಿಲ್ಲಿಸಿ, ಒಂದು ಡೋಸಿನ 3 ಮಿಲಿ ಮಾತ್ರ ಅಂತ ಮಾಡಿದರು. ದೊಡ್ಡದು ಸಿಗದಿದ್ದರೆ ತಂಟೆ ಬಿಡುತ್ತಾರೆ ಅಂತ ಲೆಕ್ಕ. ಕೆಲವರು ಬಿಟ್ಟಿಲ್ಲ ಅನ್ನುವುದಕ್ಕೆ ನಿಮ್ಮ ಕೊಟ್ಟಿಗೆಯೇ ಸಾಕ್ಷಿ.

ಗೋವೈದ್ಯ:
@ಹಿತ್ತಲಮನೆ, ಹಾಗಿದ್ದರೆ ಬೇರೆ ಮಾತೇ ಇಲ್ಲ. ಹೂಳಿ. ಹಸು ಇಂಜೆಕ್ಷನ್ ಆದ ಮೇಲೆ ವಾರಗಟ್ಟಲೆ ಬದುಕಿದ್ದರೆ ಮದ್ದು ಮೈಯಿಂದ ಹೊರಹೋಗಿರುತ್ತಿತ್ತು. ಹಿಂದಿನ ದಿನ ಹಾಕಿ ಮರುದಿನ ಸತ್ತರೆ ಪಿತ್ತಜನಕಾಂಗ, ಮೂತ್ರಪಿಂಡದಲ್ಲಿ ಪೂರ್ತಿ ಇರುತ್ತದೆ. ಹದ್ದುಗಳು ಒಳಗಿನ ಮೆತ್ತನೆಯ ಭಾಗವನ್ನೇ ಮೊದಲು ತಿನ್ನುವುದು.

ಗುಂಡಿ ಆರಡಿಯಾದರೂ ಆಳ ಇರಲಿ. ಮೇಲೆ ಸುಣ್ಣ ಹಾಕಿ. ಕೆರೆ, ಬೋರ್‌ವೆಲ್ ಹತ್ತಿರ ಬೇಡ. ಆ ಗಾಜುಗಳನ್ನು ಹುಲ್ಲಿನಲ್ಲಿ ಬಿಡಬೇಡಿ, ಉಳಿದ ದನ ತಿಂದೀತು.

ನೇರಮಾತು:
ಕಾನೂನು ಅಷ್ಟು ಬಿಗಿ ಇದ್ದರೆ ಮತ್ತೆ ಯಾಕೆ ಹದ್ದು ವಾಪಸ್ ಬಂದಿಲ್ಲ? ಸುಮಾರು ಇಪ್ಪತ್ತು ವರ್ಷ ಆಯ್ತಲ್ಲ 2006ಕ್ಕೆ.

ಗೋವೈದ್ಯ:
ಕೇಳಬೇಕಾದ ಪ್ರಶ್ನೆಯೇ. ಡೈಕ್ಲೋಫೆನಾಕ್ ಹೋದ ಜಾಗಕ್ಕೆ ಅದರ ಸೋದರರು ಬಂದರು. ಅಸೆಕ್ಲೋಫೆನಾಕ್ ಅಂತ ಒಂದಿದೆ. ಹಸುವಿನ ಮೈಯೊಳಗೆ ಹೋದ ಮೇಲೆ ಅದು ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ! ಕೀಟೊಪ್ರೊಫೆನ್ ಕೂಡ ಹದ್ದಿಗೆ ವಿಷ. ಈ ಎರಡನ್ನೂ ಪ್ರಾಣಿಗಳಿಗೆ ನಿಷೇಧಿಸಿದ್ದು 2023ರಲ್ಲಿ. ನಿಮೆಸುಲೈಡ್ ನಿಷೇಧದ ಆದೇಶ ಬಂದದ್ದು 2024ರ ಡಿಸೆಂಬರ್ ಕೊನೆಗೆ. ಒಂದು ಬಾಗಿಲು ಮುಚ್ಚಿ ಇನ್ನೊಂದು ಮುಚ್ಚುವಷ್ಟರಲ್ಲಿ ವರ್ಷಗಳು ಹೋದವು.

ಸುರಕ್ಷಿತ ಅಂತ ಪರೀಕ್ಷೆ ಮಾಡಿ ತಿಳಿದದ್ದು ಮೆಲಾಕ್ಸಿಕಾಂ. ಟೋಲ್ಫೆನಾಮಿಕ್ ಆಮ್ಲವೂ ಸರಿ. ನಾನು ಬರೆಯುವುದು ಇವೆರಡೇ.

ಔಷಧಿ ಅಂಗಡಿ:
ಡಾಕ್ಟ್ರು ಬರೆಯುತ್ತಾರೆ, ಸರಿ. ಆದರೆ ರೈತ ಬಂದು "ಹೋದ ಸಲದ್ದೇ ಕೊಡಿ, ಅದು ಬೇಗ ಕೆಲಸ ಮಾಡ್ತು" ಅಂತಾನೆ. ಕೊಡಲ್ಲ ಅಂದರೆ ಮುಂದಿನ ಅಂಗಡಿ. ನನ್ನ ಮೇಲೆ ಸಿಟ್ಟು ಬೇರೆ.

ಗುಂಡ್ಲುಪೇಟೆ ಹೈದ:
ಎಲ್ಲಾ ಕಡೆ ಹೋಗಿಲ್ಲ. ನಮ್ಮ ಬಂಡೀಪುರ, ನಾಗರಹೊಳೆ, ಆ ಕಡೆ ಮುದುಮಲೆ, ವಯನಾಡು, ಈ ಕಾಡುಗಳಲ್ಲಿ ಇನ್ನೂ ಇವೆ. ಬಿಳಿಬೆನ್ನಿನವು ಮೋಯಾರ್ ಹೊಳೆ ಪಕ್ಕದ ಎತ್ತರದ ಹೊಳೆಮತ್ತಿ ಮರಗಳಲ್ಲಿ ಗೂಡು ಕಟ್ಟುತ್ತವೆ. ಕೆಂಪುತಲೆಯವು ಗುಂಪಿಗೆ ಸೇರಲ್ಲ, ಒಂದೋ ಎರಡೋ ದೂರದಲ್ಲಿ ಕೂತಿರುತ್ತವೆ. ಇಲ್ಲಿ ಯಾಕೆ ಉಳಿದವು ಅಂದರೆ ಹುಲಿ ಬಿಟ್ಟ ಜಿಂಕೆ, ಕಾಡೆಮ್ಮೆ ಊಟಕ್ಕೆ ಸಿಗುತ್ತದೆ. ಕಾಡೆಮ್ಮೆಗೆ ಯಾರೂ ಸೂಜಿ ಹಾಕಲ್ಲವಲ್ಲ.

ಇಲ್ಲಿಯ ಭಯ ಬೇರೆ. ಹುಲಿ ಹಸು ಹಿಡಿದರೆ ಸಿಟ್ಟಿಗೆ ಆ ಹೆಣಕ್ಕೇ ಕೀಟನಾಶಕ ಸುರಿಯುವವರು ಇದ್ದಾರೆ. ಹುಲಿ ಬಂದು ತಿನ್ನುತ್ತದೋ ಇಲ್ಲವೋ, ಹದ್ದು ಮೊದಲು ಇಳಿಯುತ್ತದೆ. ಹಸು ಹೋದವನಿಗೆ ಪರಿಹಾರ ಕೈಗೆ ಬೇಗ ಬಂದರೆ ಅರ್ಧ ವಿಷ ತಾನಾಗಿ ನಿಲ್ಲುತ್ತದೆ. ಇದು ನನ್ನ ಅಭಿಪ್ರಾಯ, ಬೈಯುವವರು ಬೈಯಬಹುದು.

ನೇರಮಾತು:
ಪರಿಹಾರ ಕೊಟ್ಟರೂ ಹಾಕುವವನು ಹಾಕುತ್ತಾನೆ. ಸರಿ, ಹದ್ದು ಇಲ್ಲದಿದ್ದರೆ ಏನಾಯ್ತು? ನಾಯಿ ತಿನ್ನುತ್ತವೆ. ಹೆಣ ಖಾಲಿಯಾಗುತ್ತದೆ. ಪ್ರಕೃತಿ ನಿಲ್ಲಲ್ಲ.

ಕಪ್ಪುಹಲಗೆ:
ನಾಯಿ ತಿನ್ನುತ್ತವೆ, ಹೌದು. ತಿಂದು ಮರಿ ಹಾಕುತ್ತವೆ. ಗುಂಪಾಗುತ್ತವೆ. ಭಾರತದಲ್ಲಿ ರೇಬಿಸ್‌ನಿಂದ ವರ್ಷಕ್ಕೆ 18ರಿಂದ 20 ಸಾವಿರ ಜನ ಸಾಯುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅನಂತ್ ಸುದರ್ಶನ್, ಇಯಾಲ್ ಫ್ರಾಂಕ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ರಣಹದ್ದು ಹೋದದ್ದರಿಂದ 2000ದಿಂದ 2005ರೊಳಗೆ ದೇಶದಲ್ಲಿ ಹೆಚ್ಚಿಗೆ ಸತ್ತವರು ಸುಮಾರು 5 ಲಕ್ಷ ಅಂತ. 2024ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂನಲ್ಲಿ ಬಂತು.

ನೇರಮಾತು:
5 ಲಕ್ಷ! ಹದ್ದು ಇಲ್ಲದ್ದಕ್ಕೆ? ಅಂಕಿ ಅಂದರೆ ಏನು ಬೇಕಾದರೂ ಬರೆಯಬಹುದು. ಆ ಐದು ವರ್ಷದಲ್ಲಿ ಬೇರೆ ನೂರು ಕಾರಣ ಇರಲಿಲ್ವಾ?

ಕಪ್ಪುಹಲಗೆ:
ಆ ಅನುಮಾನ ಅವರಿಗೂ ಇತ್ತು. ಅದಕ್ಕೇ ರಣಹದ್ದು ಜಾಸ್ತಿ ಇರಬಲ್ಲ ಜಿಲ್ಲೆಗಳನ್ನೂ ಮೊದಲಿಂದಲೂ ಅವು ಅಷ್ಟಾಗಿ ಇರದ ಜಿಲ್ಲೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದು. ಡೈಕ್ಲೋಫೆನಾಕ್ ಅಗ್ಗವಾಗಿ ದನಗಳಿಗೆ ಹಾಕಲು ಶುರುವಾಗುವ ಮೊದಲು ಎರಡೂ ಕಡೆ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ರೀತಿ ಸಾಗಿತ್ತು. ಆಮೇಲೆ ಹದ್ದು ಇದ್ದ ಕಡೆ ಏರಿತು. ನಾಯಿ ಒಂದೇ ಅಲ್ಲ, ಕೊಳೆತ ಹೆಣದಿಂದ ಕೆಟ್ಟ ನೀರೂ ಸೇರಿದೆ. ಅಂದಾಜು ಅನ್ನಿ, ಒಪ್ಪುತ್ತೇನೆ. ಸುಳ್ಳು ಅನ್ನಬೇಡಿ.

ನೇರಮಾತು:
ಅಂದಾಜು.

ಚಾರಣಿಗ:
ನನ್ನದೊಂದು ದೂರು. ಹದ್ದು ಸತ್ತದ್ದು ಔಷಧಿಯಿಂದ ಅಂತ ನೀವೇ ಹೇಳುತ್ತಿದ್ದೀರಿ. ಮತ್ತೆ ಬೆಟ್ಟ ಹತ್ತುವ ನಮಗೆ ಯಾಕೆ ಅಡ್ಡಿ? ರಾಮನಗರದ ಬಂಡೆಗಳಲ್ಲಿ ಎಷ್ಟೋ ವರ್ಷದಿಂದ ಜನ ಹತ್ತುತ್ತಿದ್ದಾರೆ. ಸಿನಿಮಾದವರು ಬಂದು ಇಡೀ ಊರನ್ನೇ ಕಟ್ಟಿ ಶೂಟಿಂಗ್ ಮಾಡಿದ ಜಾಗ. ಆಗ ಹದ್ದು ಓಡಿಹೋಗಲಿಲ್ಲ, ನಾಲ್ಕು ಜನ ಹಗ್ಗ ಹಿಡಿದು ಹತ್ತಿದರೆ ಓಡಿಹೋಗುತ್ತವಾ?

ದುರ್ಬೀನು:
2012ರ ಜನವರಿಯಲ್ಲಿ ರಾಮದೇವರ ಬೆಟ್ಟದ 346 ಹೆಕ್ಟೇರ್ ರಣಹದ್ದು ಧಾಮ ಅಂತ ಘೋಷಣೆಯಾಯಿತು. ರಣಹದ್ದಿಗೆ ಅಂತಲೇ ಮಾಡಿದ ದೇಶದ ಮೊದಲ ಧಾಮ. ಸಿನಿಮಾ ಬಂದಾಗ ಹಕ್ಕಿಗಳು ಬೇಕಾದಷ್ಟಿದ್ದವು. ಈಗ ಅಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಚಳಿಗಾಲದಲ್ಲಿ ಬಂಡೆಯ ಅಂಚಿನಲ್ಲಿ ಮೊಟ್ಟೆ ಇಡುತ್ತವೆ. ಸುಮಾರು 50 ದಿನ ಗಂಡು ಹೆಣ್ಣು ಸರದಿಯ ಮೇಲೆ ಕಾವು ಕೊಡುತ್ತವೆ. ಆಮೇಲೆ ಮರಿ ಹಾರಲು ಮೂರು ನಾಲ್ಕು ತಿಂಗಳು. ಈ ಮಧ್ಯೆ ಬಂಡೆಯ ತಲೆ ಮೇಲೆ ನಾಲ್ಕು ಜನ ಸ್ಪೀಕರ್ ಹಾಕಿ ಕುಣಿದರೆ ಕಾವಿಗೆ ಕೂತ ಹಕ್ಕಿ ಏಳುತ್ತದೆ. ಮೊಟ್ಟೆ ಬಿಸಿಲಿಗೆ ಬಿದ್ದರೆ ಆ ವರ್ಷ ಮುಗಿಯಿತು. ಔಷಧಿ ದೊಡ್ಡ ಕಾರಣ, ನಿಜ. ಹಾಗಂತ ಚಿಕ್ಕ ಕಾರಣಕ್ಕೆ ರಜೆ ಇಲ್ಲ.

ಚಾರಣಿಗ:
ಸ್ಪೀಕರ್ ಹಾಕುವವರು ಚಾರಣಿಗರಲ್ಲ. ನಮ್ಮನ್ನು ಅವರ ಜೊತೆ ಸೇರಿಸಬೇಡಿ. ಸುತ್ತಲಿನ ಕಲ್ಲು ಕ್ವಾರಿಗಳ ಸಿಡಿಮದ್ದಿಗೆ ಏನೂ ಹೇಳಲ್ಲ, ಹಗ್ಗ ಹಿಡಿದವನಿಗೆ ಮಾತ್ರ ಬುದ್ಧಿ ಹೇಳ್ತೀರಿ.

ದುರ್ಬೀನು:
ಕ್ವಾರಿಗೂ ಹೇಳುತ್ತೇನೆ. ಅವರು ಈ ಚರ್ಚೆ ಓದುತ್ತಿಲ್ಲ, ನೀವು ಓದುತ್ತಿದ್ದೀರಿ.

ಮಹಡಿಮನೆ:
ಆ ಬೆಟ್ಟದ ಮೇಲಿನ ಪಟ್ಟಾಭಿರಾಮನ ದೇವಸ್ಥಾನಕ್ಕೆ ನಾವು ಹೋಗಿದ್ದೆವು. ಜಟಾಯು ವಂಶದ ಹಕ್ಕಿಗಳು ಅಂತ ಅಲ್ಲಿ ಯಾರೋ ಹೇಳಿದರು. ಒಂದೂ ಕಾಣಲಿಲ್ಲ. ಎಲ್ಲಿ ನೋಡಬೇಕು?

ದುರ್ಬೀನು:
ಎತ್ತರದ ಕಡಿದಾದ ಬಂಡೆಯಲ್ಲಿ ಬಿಳಿ ಗೀರು ಇಳಿದಿರುವುದನ್ನು ಹುಡುಕಿ. ಹಿಕ್ಕೆಯ ಗುರುತು ಅದು. ಅದರ ಮೇಲಿನ ಗೂಡಂಚಿನಲ್ಲಿ ಕಂದು ಗಂಟಿನಂತೆ ಕೂತಿರುತ್ತವೆ. ತೀರಾ ಬೆಳಗ್ಗೆ ಹೋದರೆ ಹಾರುವುದಿಲ್ಲ, ಗಾಳಿ ಬಿಸಿಯಾಗುವವರೆಗೂ ಕಾಯುತ್ತವೆ. ಅಷ್ಟು ಭಾರದ ಮೈ ರೆಕ್ಕೆ ಬಡಿದುಕೊಂಡು ಎಷ್ಟು ದೂರ ಹೋದೀತು? ದೂರದಿಂದಲೇ ನೋಡಿ. ಫೋಟೋ ಹಾಕಿದರೆ ಯಾವ ಬಂಡೆ ಅಂತ ಬರೆಯಬೇಡಿ.

ಹಳೇಬೇರು:
ಊಟ ಇಲ್ಲದೆ ಎಷ್ಟು ದಿನ ಇರುತ್ತವೆ ಅವು? ಈಗ ದನ ಸಾಕುವವರೇ ಕಡಿಮೆ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಇರುವ ದನ ಸತ್ತರೆ ಹೂಳುತ್ತಾರೆ, ವಯಸ್ಸಾದದ್ದು ಎಲ್ಲಿಗೆ ಹೋಗುತ್ತದೋ...

ನೇರಮಾತು:
ಎಲ್ಲಿಗೆ ಹೋಗುತ್ತದೆ ಅಂತ ನಾನು ಹೇಳಲಾ? 2020ರ ಗೋಹತ್ಯೆ ನಿಷೇಧ ಕಾನೂನು ತಂದವರನ್ನು

ನಿರ್ವಾಹಕ:
ಬೇಡ. ಆ ವಿಷಯಕ್ಕೆ ಬೇರೆ ಎಳೆ ಇದೆ, ಅಲ್ಲಿ ಜಗಳ ಮಾಡಿ. ಇಲ್ಲಿ ಹದ್ದು ಮಾತ್ರ.

ಕಪ್ಪುಹಲಗೆ:
@ಹಳೇಬೇರು, ನೇಪಾಳದ ನವಲಪರಾಸಿಯಲ್ಲಿ ಊರಿನವರೇ ಒಂದು ದಾರಿ ಹುಡುಕಿದ್ದಾರೆ. ಕೆಲಸಕ್ಕೆ ಬಾರದ ಮುದಿ ದನಗಳನ್ನು ತಂದು ಸಾಯುವವರೆಗೂ ಸಾಕುತ್ತಾರೆ. ವಿಷದ ಮದ್ದು ಹತ್ತಿರ ಸೇರಿಸುವುದಿಲ್ಲ. ಸತ್ತ ಮೇಲೆ ಬಯಲಿಗೆ ಹಾಕುತ್ತಾರೆ. "ಜಟಾಯು ರೆಸ್ಟೋರೆಂಟ್" ಅಂತಲೇ ಹೆಸರು! ನೋಡಲು ಬರುವವರಿಂದ ಊರಿಗೂ ಸ್ವಲ್ಪ ದುಡ್ಡು. ನಮ್ಮ ರಾಮನಗರದಲ್ಲಿ ಯಾಕಾಗಬಾರದು?

ಗೋವೈದ್ಯ:
ಆಗಬಹುದು, ಆದರೆ ಸುಲಭ ಅಲ್ಲ. ಎಲ್ಲಿಂದಲೋ ಬಂದ ದನಕ್ಕೆ ಹಿಂದೆ ಏನು ಹಾಕಿದ್ದರು ಅಂತ ಗೊತ್ತಿರುವುದಿಲ್ಲ, ಕೆಲವು ವಾರವಾದರೂ ನಮ್ಮ ಕೈಯಲ್ಲಿ ಇಟ್ಟುಕೊಂಡಿರಬೇಕು. ಬಯಲಿಗೆ ಹೆಣ ಹಾಕಿದರೆ ಹದ್ದಿಗಿಂತ ಮೊದಲು ನಾಯಿ ಬರುತ್ತವೆ. ನಾಯಿ ಹಿಂದೆ ಚಿರತೆ. ಆಮೇಲೆ ಊರಿನವರು ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಬೇಲಿ, ಕಾವಲು ಎಲ್ಲ ಬೇಕು.

ಮೂಡಲದಿಕ್ಕು:
ಮತ್ತೆ ಕೆಲಸದವರಿಗೆ ಸಂಬಳ. ನೆನಪಿರಲಿ.

ಗುಂಡ್ಲುಪೇಟೆ ಹೈದ:
ನನಗೆ ಇದು ಅಷ್ಟು ಹಿಡಿಸಲ್ಲ. ಮದ್ದು ನಿಲ್ಲಿಸದೆ ಒಂದು ಕಡೆ ಶುದ್ಧ ಊಟ ಇಟ್ಟರೆ ಏನು ಬಂತು? ಈ ಹಕ್ಕಿ ದಿನಕ್ಕೆ ಎಷ್ಟೋ ದೂರ ಸುತ್ತುತ್ತದೆ. ಸೋಮವಾರ ನಿಮ್ಮ ಹೋಟೆಲಲ್ಲಿ ಉಂಡು ಮಂಗಳವಾರ ಆಚೆ ತಾಲ್ಲೂಕಿನ ಚರಂಡಿ ಪಕ್ಕದ ಹೆಣದ ಮೇಲೆ ಇಳಿದರೆ ಅಷ್ಟೇ. ಹರಿಯಾಣದ ಪಿಂಜೋರ್‌ನಲ್ಲಿ ಸಾಕಿ ಮರಿ ಮಾಡಿಸುತ್ತಿದ್ದಾರಲ್ಲ, ಅವನ್ನು ಬಿಡುವ ಮೊದಲೂ ಸುತ್ತಲಿನ ಅಂಗಡಿಗಳಲ್ಲಿ ಯಾವ ಮದ್ದು ಸಿಗುತ್ತದೆ ಅಂತ ನೋಡಲೇಬೇಕು. ಮೊದಲು ಅಂಗಡಿ, ಆಮೇಲೆ ಊಟ.

ಕಪ್ಪುಹಲಗೆ:
ಎರಡೂ ಒಟ್ಟಿಗೆ ಆಗಬಾರದು ಅಂತ ಏನಿದೆ? ಅಂಗಡಿ ಸರಿಹೋಗುವವರೆಗೂ ಹಸಿದಿರಿ ಅಂತ ಹಕ್ಕಿಗೆ ಹೇಳೋಣವಾ?

ಗುಂಡ್ಲುಪೇಟೆ ಹೈದ:
ನಮ್ಮ ಕಡೆ ಯಾರೂ ಊಟ ಹಾಕಿಲ್ಲ. ಇವೆ.

ದುರ್ಬೀನು:
ನಿಮ್ಮ ಕಡೆ ಹುಲಿ ಊಟ ಹಾಕುತ್ತಿದೆ ಮಾರಾಯ್ರೇ. ರಾಮನಗರದ ಬಂಡೆಯಲ್ಲಿ ಇರುವುದು ಕರಡಿ.

ಹಿತ್ತಲಮನೆ:
ಜೆಸಿಬಿ ಬಂದು ಹೋಯಿತು. ಹೊಲದ ಆ ಮೂಲೆಯಲ್ಲಿ ಆಳವಾಗಿ ತೋಡಿಸಿ, ಸುಣ್ಣ ಹಾಕಿ ಮುಚ್ಚಿದೆವು. ತಾತನಿಗೆ ಆ ಗಾಜು ತೋರಿಸಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಸೂಜಿಯವರಿಗೆ ಅವರೇ ಫೋನ್ ಮಾಡಿ ಬೈದರು. ಇಲ್ಲಿ ಬರೆಯುವಂಥ ಮಾತುಗಳಲ್ಲ. ಸೂಜಿಯವರು ಹೇಳಿದ್ದಿಷ್ಟು: "ಇದು ಅಗ್ಗ, ಕೈಗೆ ಸಿಗುತ್ತೆ, ನೀವೇ ತಾನೆ ಜಾಸ್ತಿ ದುಡ್ಡು ಕೊಡಲ್ಲ ಅಂದಿದ್ದು?" ಅಪ್ಪ ಸುಮ್ಮನಾದರು.

ಇನ್ನೆರಡು ಕರು ಇವೆ ನಮ್ಮಲ್ಲಿ. ಮುಂದೆ ಏನಾದರೂ ಆದರೆ ಯಾವ ಹೆಸರು ಹೇಳಿ ಕೇಳಬೇಕು ಡಾಕ್ಟ್ರೇ? ದೊಡ್ಡದಾಗಿ ಬರೆದು ಕೊಟ್ಟಿಗೆ ಬಾಗಿಲಿಗೆ ಅಂಟಿಸ್ತೀನಿ.

ಗೋವೈದ್ಯ:
ಮೆಲಾಕ್ಸಿಕಾಂ. ಅಷ್ಟೇ ಬರೆಯಿರಿ. ಡೋಸ್ ಇಲ್ಲಿ ಹೇಳಲ್ಲ, ತೂಕ ನೋಡಿ ವೈದ್ಯರೇ ಹಾಕಲಿ. ಬೆಲೆಯಲ್ಲೂ ಈಗ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ಸೂಜಿಯವರು ಹೇಳಿದ್ದನ್ನು ಪೂರ್ತಿ ನಂಬಬೇಡಿ.

ನೇರಮಾತು:
ಬೆಲೆ ವ್ಯತ್ಯಾಸ ಇಲ್ಲ ಅಂದರೆ ಮತ್ತೆ ಯಾಕೆ ಜನ ಅದನ್ನೇ ಹಾಕುತ್ತಾರೆ?

ಔಷಧಿ ಅಂಗಡಿ:
ಅಭ್ಯಾಸ. ಜೊತೆಗೆ ಮನುಷ್ಯರ ಔಷಧಿ ಪ್ರತಿ ಊರಲ್ಲೂ ಸಿಗುತ್ತದೆ, ದನದ ಔಷಧಿಗೆ ಪೇಟೆಗೆ ಬರಬೇಕು. ರಾತ್ರಿ ಹಸು ನರಳುತ್ತಿದ್ದರೆ ಯಾರು ಪೇಟೆಗೆ ಬರುತ್ತಾರೆ?

ಸುಮ್ನೆ ಓದುಗ:
ನಿಮ್ಮಲ್ಲಿ ಸಿಗುತ್ತಾ ದನದ್ದು?

ಔಷಧಿ ಅಂಗಡಿ:
ಮೆಲಾಕ್ಸಿಕಾಂ ದೊಡ್ಡ ಬಾಟಲಿ ಇದೆ, ಚೀಟಿ ತನ್ನಿ. ಸಾಲ ಮಾತ್ರ ಕೇಳಬೇಡಿ.